ಬಿಳಿಯಜ್ಜನ ಎಲೆಗೆ ಖಾರವಿಲ್ಲ

ನಮ್ಮ ಯಜಮಾನರು ಡೊಂಬಯ್ಯನವರಿಗೆ ಅರುವತ್ತು ದಾಟಿದ ಮೇಲೆ ಒಬ್ಬ ಹೊಸ ಅಜ್ಜ ಸಿಕ್ಕಿದ. ಅದೂ ಇಂಗ್ಲೆಂಡಿನವನು. ಈ ವಯಸ್ಸಿನಲ್ಲಿ ಬೇರೆ ಗಂಡಸರಿಗೆ ಶುಗರ್ ಬರುತ್ತದೆ, ಮಂಡಿನೋವು ಬರುತ್ತದೆ. ನಮ್ಮವರಿಗೆ ಅಜ್ಜ ಬಂದ. ಇದಕ್ಕೆ ಔಷಧಿ ಇಲ್ಲ ಎಂದು ನಾನು ಮೊದಲ ವಾರವೇ ತಿಳಿದುಕೊಂಡೆ.

ಪುತ್ತೂರಿನ ದರ್ಬೆಯಲ್ಲಿ ನಮ್ಮದೊಂದು ನರ್ಸರಿ ಇದೆ. ಮಾವು, ಹಲಸು, ಕರಿಮೆಣಸಿನ ಕಸಿ ಗಿಡಗಳು. ಗಿಡ ಮಾರುವುದು ಯಜಮಾನರು, ಕಸಿ ಕಟ್ಟುವುದು ಮಗಳು ಹೇಮಶ್ರೀ, ಇಬ್ಬರಿಗೂ ಊಟ ಹಾಕಿ ಬೈಯುವುದು ನಾನು. ನರ್ಸರಿಯ ಹಿಂದೆಯೇ ಗೌರೀಶಂಕರ ಮಾಸ್ತರರ ಮನೆ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಒಂದು ಗುಲಾಬಿ ಗಿಡ ಕೊಳ್ಳಲು ಬಂದರೆ ಅರ್ಧ ದಿನ ಕೂರುವವರು. ಹಾಗೆ ಕೂತಿದ್ದಾಗ ಒಂದು ದಿನ ಅವರು ಸ್ಯಾಮುಯೆಲ್ ಬೇಲ್ ಎಂಬವನ ಸುದ್ದಿ ತೆಗೆದರು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಗೊಬ್ಬರ, ಬೀಜ, ಕಸಿ ಎಂದು ದಪ್ಪದಪ್ಪ ಕೃಷಿ ಪುಸ್ತಕ ಬರೆದವನಂತೆ. ಅದೇ ಹೆಸರಿನವನೊಬ್ಬ ಟಿಪ್ಪುವಿನ ಕಾಲ ಮುಗಿದ ಮೇಲೆ ಕಂಪೆನಿ ಕೆಲಸದ ಮೇಲೆ ನಮ್ಮ ಸೀಮೆಗೆ ಬಂದು ಕಾಣೆಯಾದನೆಂದೂ, ಅವನು ಆ ಬೇಲನ ಮೊಮ್ಮಗನೇ ಇರಬೇಕೆಂದೂ ಮಾಸ್ತರರು ಹೇಳಿದರು. ಫೋನಿನಲ್ಲಿ ಹೆಸರನ್ನೂ ತೋರಿಸಿದರು. ಯಜಮಾನರು ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ‘ಬೈಲ್’ ಎಂದು ಓದಿದರು.

ಅಷ್ಟೇ ಸಾಕಾಯಿತು. ಸುಳ್ಯದ ಕಡೆಯ ನಮ್ಮ ಗೌಡರಲ್ಲಿ ಹೆಸರಿನ ಜೊತೆ ಮೂಲ ಮನೆಯ ಹೆಸರು ಹೇಳುವುದು ರೂಢಿ. ಇವರದು ಬೈಲು ಮನೆ, ಇವರು ಬೈಲು ಡೊಂಬಯ್ಯ. ಬೈಲು ಎಂದರೆ ಗದ್ದೆ ಬಯಲು, ಊರಿಗೊಂದು ಬೈಲು ಮನೆ ಇರುತ್ತದೆ, ಅವರೆಲ್ಲ ಇಂಗ್ಲಿಷರೇ ಎಂದು ನಾನು ಕೇಳಿದೆ. ಇತಿಹಾಸ ಓದದವರ ಹತ್ತಿರ ಮಾತಾಡಿ ಪ್ರಯೋಜನವಿಲ್ಲ ಎಂದರು. ಅವರು ಓದಿದ ಇತಿಹಾಸ ಏಳನೆಯ ಕ್ಲಾಸಿನವರೆಗಿನದು.

ಬರೀ ಹೆಸರಾಗಿದ್ದರೆ ಹುಚ್ಚು ಇಳಿಯುತ್ತಿತ್ತೋ ಏನೋ. ಆದರೆ ನಮ್ಮಲ್ಲಿ ಬಿಳಿಯಜ್ಜ ಇದ್ದಾನಲ್ಲ. ವರ್ಷಕ್ಕೊಮ್ಮೆ ಮೂಲ ಮನೆಯಲ್ಲಿ ಎಲ್ಲರೂ ಸೇರಿ ತೀರಿಹೋದ ಹಿರಿಯರಿಗೆ ಬಡಿಸುತ್ತೇವೆ. ಸಾಲಾಗಿ ಬಾಳೆಲೆ ಹಾಕಿ, ಅನ್ನ, ರೊಟ್ಟಿ, ಕೋಳಿ ಪದಾರ್ಥ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕಾಯುವುದು ಕ್ರಮ. ಸಾಲಿನ ತುದಿಯ ಎಲೆ ಬಿಳಿಯಜ್ಜನದು. ಆ ಎಲೆಗೆ ಖಾರ ಹಾಕುವಂತಿಲ್ಲ. ಅವನಿಗೆ ಮೆಣಸಿಲ್ಲದ ಕೋಳಿ, ಬೇಯಿಸಿದ ಗೆಣಸು. ಯಾಕೆ ಹೀಗೆ ಎಂದು ಮದುವೆಯಾಗಿ ಬಂದ ವರ್ಷ ಅತ್ತೆಯನ್ನು ಕೇಳಿದ್ದೆ. ಹಾಕುವ ಕ್ರಮವಿಲ್ಲ, ಅಷ್ಟೆ ಎಂದಿದ್ದರು. ಅವನು ಬೇಗ ತಲೆ ನರೆತವನಿರಬಹುದು, ಹೊಟ್ಟೆಹುಣ್ಣು ಇದ್ದವನಿರಬಹುದು. ಯಾರು ಕಂಡವರು? ಯಜಮಾನರು ಮಾತ್ರ ಬಿಳಿ ಮೈಬಣ್ಣ, ಖಾರ ತಿನ್ನದ ನಾಲಿಗೆ, ಬೈಲ್ ಎಂಬ ಹೆಸರು, ಮೂರನ್ನೂ ಸೇರಿಸಿ ಕಸಿ ಕಟ್ಟಿಬಿಟ್ಟರು.

ಆ ಕಸಿ ಚಿಗುರಿದ್ದೇ ಚಿಗುರಿದ್ದು. ಬೇಲನ ಮೊಮ್ಮಗ ಘಾಟಿ ಇಳಿದು ಬರುವಾಗ ಗುಂಡ್ಯದಲ್ಲಿ ಜ್ವರ ಬಂದು ಬಿದ್ದನಂತೆ. ನಮ್ಮ ಮನೆಯವರು ಅವನನ್ನು ಕಂಬಳಿಯಲ್ಲಿ ಹೊತ್ತು ತಂದರಂತೆ. ಮನೆಯ ಹುಡುಗಿ ಗಂಜಿ ಕುಡಿಸಿ ಬದುಕಿಸಿದಳಂತೆ, ಅವಳನ್ನೇ ಮದುವೆಯಾಗಿ ಇಲ್ಲೇ ಉಳಿದನಂತೆ. ಇದನ್ನೆಲ್ಲ ಯಾರು ಕಂಡದ್ದು ಎಂದರೆ, ಹಾಗೆಯೇ ಆಗಿರಬೇಕು ಎನ್ನುತ್ತಿದ್ದರು. ಮಾಸ್ತರರಿಂದ ಆ ಬೇಲನ ಚಿತ್ರ ತರಿಸಿ, ದೊಡ್ಡದು ಮಾಡಿಸಿ, ನರ್ಸರಿಯ ಗೋಡೆಯಲ್ಲಿ ಲಕ್ಷ್ಮಿಯ ಪಕ್ಕ ತೂಗುಹಾಕಿದರು. ತಲೆಯ ಮೇಲೆ ಕುರಿ ಮಲಗಿದ ಹಾಗೆ ಒಂದು ಕೃತಕ ಕೂದಲಿನ ಟೋಪನ್. ಗಿಡ ಕೊಳ್ಳಲು ಬಂದ ನೆಬೀಸ ಅದನ್ನು ತುಂಬಾ ಹೊತ್ತು ನೋಡಿ, ಇವರು ಯಾವ ಗೊಬ್ಬರದ ಕಂಪೆನಿಯವರು ಎಂದು ಕೇಳಿದಳು. ಅವಳಿಗೂ ಪೂರ್ತಿ ಕಥೆ ಆಯಿತು. ಪಾಪ, ಅವಳ ಬಸ್ಸು ತಪ್ಪಿತು.

ರೋಗ ಮನೆಮಂದಿಗೆಲ್ಲ ಅಂಟಿತು. ಕಡಬದಲ್ಲಿ ಜೀಪು ಓಡಿಸುವ ಮೈದುನನ ಮಗ ಹರ್ಷಿತ್ ಜೀಪಿನ ಗಾಜಿನ ಮೇಲೆ ಇಂಗ್ಲಿಷಿನಲ್ಲಿ ಬೈಲ್ ಎಂದು ದೊಡ್ಡದಾಗಿ ಬರೆಸಿದ. ಯಜಮಾನರ ಚಿಕ್ಕಪ್ಪ, ನಮ್ಮ ಮೂಲ ಮನೆಯ ಹಿರಿಯರು, ಅವರದು ಹುಟ್ಟಿನಿಂದ ಬೆಕ್ಕುಗಣ್ಣು. ಇಷ್ಟು ಕಾಲ ಅದಕ್ಕಾಗಿ ಎಲ್ಲರಿಂದ ತಮಾಷೆ ಮಾಡಿಸಿಕೊಂಡವರು ಈಗ ಮದುವೆ ಮನೆಗಳಲ್ಲಿ ಕನ್ನಡಕ ತೆಗೆದು ಕಣ್ಣು ತೋರಿಸತೊಡಗಿದರು.

ನನಗೆ ಮಾತ್ರ ನಗು ಬರುವ ಹಾಗಿರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಹೇಮಶ್ರೀಯ ಚಿಂತೆ.

ಕಡಬದಿಂದ ಸುಜಯ್ ಎಂಬ ಹುಡುಗ ಕರಿಮೆಣಸಿನ ಗಿಡಕ್ಕೆಂದು ನಮ್ಮಲ್ಲಿಗೆ ಬರುತ್ತಿದ್ದ. ರಬ್ಬರಿನ ತೋಟ ಇರುವವನು, ನಮ್ಮವರೇ. ಮೊದಲು ಕರಿಮೆಣಸು ಕೊಂಡ, ಆಮೇಲೆ ಮಾವು, ಆಮೇಲೆ ರಾಂಬುಟಾನ್. ಅವನ ತೋಟದಲ್ಲಿ ಇನ್ನು ಕಾಲಿಡಲು ಜಾಗವಿಲ್ಲ ಎಂದು ನಮಗೆಲ್ಲ ಗೊತ್ತಾದ ಮೇಲೂ ಕೊಳ್ಳುತ್ತಲೇ ಇದ್ದ. ಗಿಡ ಆರಿಸಿ ಕೊಡುವುದು ಹೇಮಶ್ರೀಯೇ ಆಗಬೇಕು. ಯಜಮಾನರಿಗೂ ಹುಡುಗ ಮೆಚ್ಚಿಗೆಯಾಗಿದ್ದ. ಹೆಣ್ಣು ಕೇಳಲು ಅವನ ಮನೆಯವರು ಬಂದ ದಿನ ನಾನು ಕಾಫಿಗೆ ಹಾಲು ಇಟ್ಟು, ಒಳಗೊಳಗೇ ಹಾಡು ಗುನುಗುತ್ತಿದ್ದೆ. ಹಾಲು ಉಕ್ಕುವ ಮೊದಲೇ ಮಾತು ಮುರಿದಿತ್ತು. ಅವರ ಬಳಿಯೂ ನಮ್ಮ ಬಳಿಯೂ ಒಂದೇ.

ಬಳಿ ಎಂದರೆ ನಮ್ಮಲ್ಲಿ ಗೋತ್ರದ ಹಾಗೆ, ಅಪ್ಪನಿಂದ ಮಕ್ಕಳಿಗೆ ಬರುವುದು. ಒಂದೇ ಬಳಿಯವರು ಒಂದೇ ಅಪ್ಪನ ಸಂತಾನ, ಅಣ್ಣ ತಂಗಿಯರು. ಮುಖ ಪರಿಚಯವಿಲ್ಲದಿದ್ದರೂ ಮದುವೆ ಕೂಡದು. ಯಜಮಾನರು ಚಿಕ್ಕಪ್ಪನ ಎದುರಿಗೇ, ಇದು ಆಗುವ ಮಾತಲ್ಲ ಎಂದು ಹೇಳಿಬಿಟ್ಟರು. ಊರೆದುರು ಒಮ್ಮೆ ಆಡಿದ ಮಾತನ್ನು ಹಿಂದೆ ತೆಗೆಯುವ ಜಾತಿಯ ಮನುಷ್ಯ ಅಲ್ಲ ಅವರು.

ಹೇಮಶ್ರೀ ಅತ್ತು ಕರೆದು ಮಾಡಲಿಲ್ಲ. ಮಾರನೆಯ ದಿನವೂ ಹಲಸಿನ ಕಸಿ ಕಟ್ಟುತ್ತ ಕೂತಿದ್ದಳು. ನಾನು ಹತ್ತಿರ ಹೋಗಿ ಕೂತಾಗ ತಲೆ ಎತ್ತದೆ ಹೇಳಿದಳು: “ಓಡಿಹೋಗುದೆಲ್ಲ ನನ್ನಿಂದ ಆಗುದಿಲ್ಲ ಅಮ್ಮ. ಅಪ್ಪ ಕೈ ಹಿಡಿದು ಕೊಟ್ರೆ ಸುಜಯನಿಗೆ ಕೊಡ್ಲಿ. ಇಲ್ಲದಿದ್ರೆ ಬೇರೆ ಯಾರನ್ನೂ ನೋಡುದು ಬೇಡ.” ನಮ್ಮ ಮನೆಮಾತು ಅರೆಭಾಷೆ, ಅದನ್ನು ಎಲ್ಲರಿಗೂ ತಿಳಿಯುವ ಹಾಗೆ ಬರೆದಿದ್ದೇನೆ. ಆದರೆ ಅವಳು ಅದನ್ನು ಹೇಳಿದ ಸ್ವರವನ್ನು ಬರೆಯಲು ನನ್ನಿಂದಾಗದು.

ಒಂದು ದಿನ ನರ್ಸರಿಯ ಗೋಡೆಯ ಧೂಳು ಹೊಡೆಯುತ್ತಿದ್ದೆ. ಲಕ್ಷ್ಮಿಯ ಧೂಳು ಹೊಡೆದು, ಪಕ್ಕದ ಬೇಲನ ಟೋಪನಿನ ಮೇಲೆ ಬಟ್ಟೆ ಆಡಿಸುವಾಗ ಥಟ್ಟನೆ ಹೊಳೆಯಿತು: ಅಪ್ಪನಿಂದ ಬಳಿ ಬರುವುದಾದರೆ, ಈ ಮಹಾರಾಯನ ಬಳಿ ಯಾವುದು?

ಅಂದಿನಿಂದ ನಾನು ಬದಲಾದೆ. ಬೇಲನನ್ನು ಗೇಲಿ ಮಾಡುವುದು ಬಿಟ್ಟು, ನಿಮ್ಮ ಮೂಗು ಥೇಟ್ ಅವನದೇ ಎಂದೆ. ಚಿತ್ರಕ್ಕೆ ಸೇವಂತಿಗೆ ಹಾರ ತರಿಸಿದೆ. ಈ ಸಲ ಹಿರಿಯರಿಗೆ ಬಡಿಸುವ ದಿನ ಎಲ್ಲರೂ ಸೇರಿದಲ್ಲಿ ನೀವೇ ಎದ್ದುನಿಂತು ಈ ವಿಷಯವನ್ನು ಹೇಳಬೇಕು, ಮುಂದಿನ ತಲೆಮಾರಿಗೆ ತಿಳಿಯುವುದು ಬೇಡವೇ ಎಂದೆ. ಇಷ್ಟು ಕಾಲ ಅಜ್ಜನ ಸುದ್ದಿ ಎತ್ತಿದರೆ ಸೌಟು ಕುಕ್ಕುತ್ತಿದ್ದ ಹೆಂಡತಿ ಹೀಗೆಂದರೆ ಯಾರು ಉಬ್ಬುವುದಿಲ್ಲ? ಕೇಳಿದವರಿಗೂ ಕೇಳದವರಿಗೂ ಫೋನ್ ಮಾಡಿ ಕರೆದರು.

ಆ ದಿನಕ್ಕೆ ಸ್ವಲ್ಪ ಮೊದಲು ಗೌರೀಶಂಕರ ಮಾಸ್ತರರು ನರ್ಸರಿಗೆ ಬಂದರು. ಇಬ್ಬರೂ ಗಿಡಗಳ ನಡುವೆ ನಿಂತು ಸಣ್ಣ ದನಿಯಲ್ಲಿ ಏನೋ ಮಾತಾಡಿದರು. ಮಾಸ್ತರರು ಅಂದು ಚಹಾ ಕುಡಿಯದೆ ಹೋದರು, ಅದೇ ಒಂದು ಆಶ್ಚರ್ಯ. ಏನು ವಿಷಯ ಎಂದು ಕೇಳಿದೆ. ಮಾಸ್ತರರಿಗೆ ಮಲ್ಲಿಗೆ ಗಿಡ ಬೇಕಂತೆ ಎಂದರು ಯಜಮಾನರು. ಮಧ್ಯಾಹ್ನ ಊಟಕ್ಕೆ ಕೂತಾಗ ಅನ್ನ ಕಲಸುತ್ತ, ಆ ಕಡಬದ ಹುಡುಗ ಈಗ ಗಿಡಕ್ಕೆ ಬರುವುದಿಲ್ಲವೇ ಎಂದು ಕೇಳಿದರು. ಬೇಡ ಎಂದು ನೀವೇ ಹೇಳಿ ಕಳಿಸಿದ ಮೇಲೆ ಯಾವ ಮುಖದಲ್ಲಿ ಬಂದಾನು ಎಂದೆ. ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದರು.

ಬಡಿಸುವ ದಿನ ಮೂಲ ಮನೆಯ ಜಗಲಿ ತುಂಬಿತ್ತು. ಒಳಗೆ ಎಲೆಗಳಿಗೆ ಬಡಿಸಿ ಬಾಗಿಲು ಮುಚ್ಚಿದ್ದಾಯಿತು. ಹಿರಿಯರು ಊಟ ಮಾಡುವಷ್ಟು ಹೊತ್ತು ಹೊರಗೆ ಕಾಯಬೇಕಲ್ಲ, ಆಗ ಯಜಮಾನರು ಎದ್ದುನಿಂತರು. ಗುಂಡ್ಯದ ಜ್ವರದಿಂದ ಹಿಡಿದು ಗಂಜಿ ಕುಡಿಸಿದ ಹುಡುಗಿಯವರೆಗೆ ಒಂದನ್ನೂ ಬಿಡಲಿಲ್ಲ. ಹರ್ಷಿತ್ ವೀಡಿಯೋ ಮಾಡಿದ. ಚಿಕ್ಕಪ್ಪ ಕನ್ನಡಕ ತೆಗೆದು ಕೂತಿದ್ದರು. ಬೈಲು ಮನೆಯ ಮೂಲಪುರುಷ ಇಂಗ್ಲೆಂಡಿನ ದೊಡ್ಡ ಕೃಷಿ ಪಂಡಿತನ ಮೊಮ್ಮಗ, ಇದರಲ್ಲಿ ಸಂಶಯವೇ ಇಲ್ಲ ಎಂದು ಯಜಮಾನರು ಮಾತು ಮುಗಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಸೆರಗು ಸರಿಮಾಡಿಕೊಂಡು ಕೇಳಿದೆ:

“ಎಲ್ಲ ಸರಿ. ನನಗೊಂದು ಸಂಶಯ ಉಂಟು. ಆ ಇಂಗ್ಲಿಷ್ ಅಜ್ಜನ ಬಳಿ ಯಾವುದು?”

ಯಜಮಾನರು ನನ್ನನ್ನು ನೋಡಿದರು. ಆಮೇಲೆ ನನ್ನ ಹಿಂದೆ ಸೌಟು ಹಿಡಿದು ನಿಂತಿದ್ದ ಮಗಳನ್ನು ನೋಡಿದರು. ಇಂಗ್ಲಿಷ್ ಕಥೆ ಬರೀ ಅಂದಾಜು ಎಂದು ಅವರೊಂದು ಮಾತು ಹೇಳಿದರೆ ನನ್ನ ಆಟ ಅಲ್ಲಿಗೇ ಮುಗಿಯುತ್ತಿತ್ತು. ಹೇಳುತ್ತಾರೆ ಎಂದೇ ಹೆದರಿದ್ದೆ. ಅವರು ಗಂಟಲು ಸರಿಮಾಡಿಕೊಂಡರು.

“ಇಂಗ್ಲಿಷಿನವನಿಗೆ ಎಲ್ಲಿಯ ಬಳಿ? ಅವನಿಗೆ ಬಳಿ ಇರ್ಲಿಲ್ಲ.”

ಚಿಕ್ಕಪ್ಪನಿಗೆ ಕಿವಿ ಮಂದ. ಎರಡನೆಯ ಸಲ ಅದನ್ನು ಅವರ ಕಿವಿಯಲ್ಲಿ ಕೂಗಿ ಹೇಳಬೇಕಾಯಿತು. ಅಷ್ಟರಲ್ಲಿ ಹರ್ಷಿತ್, ಹಾಗಾದರೆ ಸುಜಯಣ್ಣ ಹೇಮಕ್ಕನಿಗೆ ಅಣ್ಣ ಆಗುವುದಿಲ್ಲ ಎಂದು ಬಾಯಿಬಿಟ್ಟ. ನಾನು ಕಲಿತು ಇಟ್ಟುಕೊಂಡಿದ್ದ ಮಾತನ್ನು ಅವನು ಕದ್ದ. ಪರವಾಗಿಲ್ಲ, ಅವನು ಹೇಳಿದ್ದರಿಂದ ನನ್ನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಜಗಲಿಯಲ್ಲಿ ಗುಜುಗುಜು ಎದ್ದಿತು. ಒಬ್ಬರು ಆಗಬಹುದು ಎಂದರು, ಇನ್ನೊಬ್ಬರು ಇಷ್ಟು ಕಾಲ ಹೇಳಿಕೊಂಡು ಬಂದ ಬಳಿ ಏನಾಯಿತು ಎಂದು ಕೇಳಿದರು. ಎಲ್ಲರೂ ಚಿಕ್ಕಪ್ಪನ ಮುಖ ನೋಡಿದರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಬಳಿ ಮುಖ್ಯ ಎಂದರೆ ಬೇಲನನ್ನು ಬಿಡಬೇಕು, ಬೇಲನನ್ನು ಬಿಟ್ಟರೆ ಬೆಕ್ಕುಗಣ್ಣು ಮತ್ತೆ ತಮಾಷೆಯ ವಸ್ತುವಾಗುತ್ತದೆ. ಅವರು ಕನ್ನಡಕವನ್ನು ಕೈಯಲ್ಲಿ ತಿರುಗಿಸಿದರು.

“ನಮ್ಮ ಬಳಿ ಆ ಗಂಜಿ ಕೊಟ್ಟ ಅಜ್ಜಿ ಕಡೆಯಿಂದ ಬಂದದ್ದು, ಅದು ಇರ್ಲಿ,” ಎಂದರು ಕೊನೆಗೆ. “ಅಪ್ಪನ ಕಡೆ ನಾವು ಬೇರೆ. ಹುಡುಗನ ಮನೆಯವರಿಗೆ ಹೇಳಿ ಕಳಿಸು ಡೊಂಬಯ್ಯ. ಮದುವೆ ಆಗ್ಲಿ.”

ನನ್ನ ಹಿಂದೆ ಸೌಟು ಕೆಳಗೆ ಬಿತ್ತು. ಒಳಗೆ ಬಾಗಿಲು ತೆರೆದಾಗ ನಾನು ಮೊದಲು ಹೋಗಿ ನಮಸ್ಕಾರ ಮಾಡಿದ್ದು ತುದಿಯ ಎಲೆಗೆ. ಅವನು ಯಾರೇ ಆಗಿರಲಿ, ನನ್ನ ಮಗಳ ಪಾಲಿಗೆ ದೊಡ್ಡವನು.

ಮದುವೆ ಕಡಬದಲ್ಲಿ ಆಯಿತು. ಧಾರೆ ಎರೆಯುವಾಗ ಯಜಮಾನರ ಕೈಯಿಂದ ನೀರು ಸ್ವಲ್ಪ ಸುಜಯನ ಪಂಚೆಯ ಮೇಲೆ ಚೆಲ್ಲಿತು. ಹೇಮಶ್ರೀ ನಕ್ಕಳು. ಮಗಳು ಹಾಗೆ ನಕ್ಕದ್ದನ್ನು ನೋಡದೆ ಎಷ್ಟೋ ತಿಂಗಳಾಗಿತ್ತು. ನಾನು ಎಲ್ಲರೆದುರೇ ಕಣ್ಣೊರೆಸಿಕೊಂಡೆ. ಗೆದ್ದವಳು ನಾನು ಎಂಬ ಜಂಬವೂ ಒಳಗಿತ್ತು, ಸುಳ್ಳು ಯಾಕೆ ಹೇಳಲಿ.

ಆ ಜಂಬ ಊಟದವರೆಗೆ ಉಳಿಯಿತು. ಪಂಕ್ತಿಯಲ್ಲಿ ಗೌರೀಶಂಕರ ಮಾಸ್ತರರಿಗೆ ನಾನೇ ಪಾಯಸ ಬಡಿಸಿದೆ. ನಮ್ಮ ಬೇಲಜ್ಜನಿಂದಲೇ ಈ ಪಾಯಸ, ಇನ್ನೊಂದು ಸೌಟು ಹಾಕಿಸಿಕೊಳ್ಳಿ ಎಂದೆ. ಮಾಸ್ತರರು ಕಕ್ಕಾಬಿಕ್ಕಿಯಾದರು.

“ಡೊಂಬಯ್ಯನವರು ನಿಮಗೆ ಹೇಳ್ಲಿಲ್ವಾ? ಬೇಲ್ ಮದುವೆಯೇ ಆಗಿರ್ಲಿಲ್ಲ ಮಾರಾಯ್ರೆ. ಮೊಮ್ಮಗ ಎಲ್ಲಿಂದ? ಇಲ್ಲಿ ಬಂದು ಕಾಣೆಯಾದವನ ಸುದ್ದಿಯೂ ಸುಳ್ಳಂತೆ. ಆವತ್ತು ನರ್ಸರಿಗೆ ಬಂದು ನಾನೇ ಹೇಳಿ ಹೋಗಿದ್ದೆ.”

ಮಲ್ಲಿಗೆ ಗಿಡ ಕೇಳಲು ಬಂದ ದಿನ. ಬಡಿಸುವ ದಿನಕ್ಕಿಂತ ಮೊದಲು. ಪಾಯಸದ ಪಾತ್ರೆಯನ್ನು ಅಲ್ಲೇ ಪಕ್ಕದವರ ಕೈಗೆ ಕೊಟ್ಟು ಯಜಮಾನರನ್ನು ಹುಡುಕಿಕೊಂಡು ಹೋದೆ. ಕಲ್ಯಾಣ ಮಂಟಪದ ಹಿಂದೆ ಒಂದು ಕುರ್ಚಿ ಹಾಕಿಕೊಂಡು ಒಬ್ಬರೇ ಮಜ್ಜಿಗೆ ಕುಡಿಯುತ್ತ ಕೂತಿದ್ದರು. ಅವರ ಎದುರು ನಿಂತು, ಎಲ್ಲ ಗೊತ್ತಿದ್ದೂ ಅಷ್ಟು ಜನರೆದುರು ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಅವರು ಲೋಟ ಕೆಳಗಿಟ್ಟರು. ಸೇವಂತಿಗೆ ಹಾರ ತಂದ ದಿನವೇ ನಿನ್ನ ಬುದ್ಧಿ ನನಗೆ ತಿಳಿದಿತ್ತು, ನೀನು ಯಾವಾಗ ಕೇಳುತ್ತಿ ಎಂದೇ ಕಾಯುತ್ತಿದ್ದೆ ಎಂದರು. ಈ ಮನುಷ್ಯನ ಜೊತೆ ಇಷ್ಟು ವರ್ಷ ಬಾಳಿದ್ದೇನೆ.

ಮತ್ತೆ ಆ ಬೇಲ್, ಎಂದೆ.

“ಅವನಿಗೆ ಮಕ್ಕಳಿರ್ಲಿಲ್ಲ ಪ್ರೇಮಾ,” ಎಂದರು. “ನನಗೆ ಉಂಟಲ್ಲ.”