ಮೂರನೆಯ ಲೋಟ

ಲೋಟ ಒಡೆದ ಮೇಲೆಯೇ ಸಿಗ್ನೆಗೆ ತನ್ನ ಕೈಯಲ್ಲಿ ಸುತ್ತಿಗೆ ಇರುವುದು ಅರಿವಿಗೆ ಬಂದದ್ದು.

ಮೇಜಿನ ಆಚೆ, ಪ್ರಾಂತದ ಸಂಸ್ಕೃತಿ ಇಲಾಖೆಯಿಂದ ಬಂದಿದ್ದ ಹೆನ್ನಿಂಗ್ ಕಾಫಿ ಕಪ್ಪನ್ನು ಬಾಯಿಯವರೆಗೆ ಒಯ್ದವನು ಹಾಗೇ ನಿಂತುಬಿಟ್ಟಿದ್ದ. ಅವನ ಪಕ್ಕದಲ್ಲಿ ಸಿಗ್ನೆಯ ಮೊಮ್ಮಗಳು ತೂವಾ. ಅವಳ ಮುಖ ಬಿಳಚಿಕೊಂಡಿತ್ತು.

"ಅಜ್ಜೀ! ಏನ್ ಮಾಡ್ಬಿಟ್ಟೆ?"

"ಗುಳ್ಳೆ ಇತ್ತು ಕಣೇ."

ಬಾಯಿಗೆ ಬಂದದ್ದು ಅದೇ, ಏನು ಮಾಡುವುದು! ಸ್ಮೋಲಂಡ್ ಪ್ರಾಂತದ ಕಾಡಿನ ನಡುವಿನ ಈ ಗಾಜಿನ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಅವಳು ಮಾಡಿದ್ದು ಅದೊಂದೇ ಕೆಲಸ. ಗಂಡಸರು ಕಾದ ಗಾಜನ್ನು ಕೊಳವೆಯಿಂದ ಊದಿ ಮಾಡಿದ್ದನ್ನು ಕಿಟಕಿಯ ಬೆಳಕಿಗೆ ಹಿಡಿಯಬೇಕು, ಗುಳ್ಳೆಯೋ ಗೆರೆಯೋ ಕಂಡರೆ ಅಲ್ಲೇ ಒಡೆದು, ಚೂರನ್ನು ಮತ್ತೆ ಕುಲುಮೆಗೆ ಕಳಿಸಬೇಕು. ಆಗ ಹೆಂಗಸರಿಗೆ ಊದುಕೊಳವೆ ಮುಟ್ಟಲು ಬಿಡುತ್ತಿರಲಿಲ್ಲ. ಸುತ್ತಿಗೆ ಮಾತ್ರ ಕೊಟ್ಟಿದ್ದರು.

ಈಗ ಉಳಿದಿದ್ದು ಒಂದು ಕುಲುಮೆ, ಅದರ ಮುಂದೆ ತೂವಾ ಒಬ್ಬಳೇ. ಕಸುಬು ಕಲಿಯುವವರಿಗೆ ಪ್ರಾಂತದವರು ಕೊಡುವ ಎರಡು ವರ್ಷದ ನೆರವು ಸಿಕ್ಕರೆ ಅದು ಉರಿಯುತ್ತದೆ, ಇಲ್ಲವೆಂದರೆ ಶುಕ್ರವಾರ ಆರಿಸಬೇಕು. ಅರ್ಜಿಗೆ ಮೂರು ಮಾದರಿ ಬೇಕಿತ್ತು. ಮಧ್ಯಾಹ್ನವೇ ಸಮಿತಿಯ ಸಭೆ. ಹೆನ್ನಿಂಗ್ ಬಂದದ್ದು ಆ ಮೂರು ಲೋಟಗಳನ್ನು ಒಯ್ಯಲು.

"ಇನ್ನೊಂದು ಮಾಡ್ಕೊಡೋಕಾಗಲ್ವಾ?" ಎಂದು ಕೇಳಿದ ಅವನು.

"ಊದ್ಬಹುದು. ತಣಿಯೋಕೆ ಒಂದು ರಾತ್ರಿ ಬೇಕು. ಅವಸರ ಮಾಡಿದ್ರೆ ಬಿರುಕು ಬಿಡುತ್ತೆ." ತೂವಾ ಅಜ್ಜಿಯ ಕಡೆ ತಿರುಗಿದಳು. "ಆ ಗುಳ್ಳೆ ನನಗೂ ಕಂಡಿತ್ತು. ಸಾಸಿವೆ ಕಾಳಿನಷ್ಟೂ ಇರ್ಲಿಲ್ಲ. ಇವರಿಗೇನ್ ಗೊತ್ತಾಗ್ತಿತ್ತು?"

"ನನಗಂತೂ ಗೊತ್ತಾಗ್ತಿರ್ಲಿಲ್ಲ," ಎಂದು ಹೆನ್ನಿಂಗ್ ಒಪ್ಪಿಕೊಂಡ.

ಸಿಗ್ನೆ ಸುತ್ತಿಗೆಯನ್ನು ಮೇಜಿನ ಮೇಲಿಟ್ಟಳು. ಅಯ್ಯೋ, ಈ ಹಾಳು ಕೈ!

"ನಿನ್ನ ತಾತನ ಮೊದಲ ಹನ್ನೊಂದು ಲೋಟ ಒಡೆದಿದ್ದೀನಿ," ಎಂದಳು. "ಹನ್ನೆರಡನೇದು ಒಡೀಲಿಲ್ಲ. ಅದೇ ಖುಷೀಲಿ ಮದುವೆ ಆಗ್ತೀಯಾ ಅಂತ ಕೇಳ್ದ, ಪುಣ್ಯಾತ್ಮ."

ಹೆನ್ನಿಂಗ್ ನಕ್ಕ. ತೂವಾ ನಗಲಿಲ್ಲ.

"ಹೊತ್ತು ಹೋಗದೆ ಊದೋರ ಲೋಟ ಆಗಿದ್ರೆ, ಆಹಾ ಚೆನ್ನಾಗಿದೆ ಪುಟ್ಟಾ ಅಂತ ಇಟ್ಬಿಡ್ತಿದ್ದೆ. ನೀನು ಕೆಲಸಗಾರ್ತಿ ಕಣೇ. ನಿನ್ನ ಕೆಲಸ ಅಂತಾನೇ ಕೈ ಎದ್ದಿದ್ದು."

ತೂವಾ ಕುಲುಮೆಯ ಕಡೆ ಹೋದಳು.

ಹೆನ್ನಿಂಗ್ ಕಪ್ಪು ಕೆಳಗಿಟ್ಟು, ಬಗ್ಗಿ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದ. "ಹಳೇ ಪೇಪರ್ ಇದ್ರೆ ಕೊಡಿ ಅಮ್ಮ. ಮೂರು ಮಾದರಿ ಅಂತ ನಿಯಮ ಇದೆ. ಇಡಿಯಾಗಿರ್ಬೇಕು ಅಂತ ಎಲ್ಲೂ ಬರೆದಿಲ್ಲ. ಇದನ್ನ ಯಾಕೆ ಒಡೆದ್ರಿ ಅಂತ ನಾನೇ ಅವರಿಗೆ ಹೇಳ್ತೀನಿ."

ಸಿಗ್ನೆ ಚೂರುಗಳನ್ನೂ ಇಡೀ ಲೋಟಗಳಷ್ಟೇ ಜೋಪಾನವಾಗಿ ಸುತ್ತಿಕೊಟ್ಟಳು.

ಸಂಜೆ ಐದಕ್ಕೆ ಫೋನ್ ಬಂತು. "ಮಂಜೂರಾಯ್ತು!" ಹೆನ್ನಿಂಗ್ ಕೂಗುತ್ತಿದ್ದ. "ಎಲ್ಲರೂ ಚೂರನ್ನೇ ಕೈಯಿಂದ ಕೈಗೆ ದಾಟಿಸಿದ್ದೇ ದಾಟಿಸಿದ್ದು. ಗುಳ್ಳೆ ಹುಡುಕೋಕೆ ಹೋಗಿ ಅಧ್ಯಕ್ಷರು ಬೆರಳು ಕೊಯ್ಕೊಂಡ್ರು!"

ಸಿಗ್ನೆ ಕುರ್ಚಿಯಲ್ಲಿ ಕುಸಿದು ಕೂತು ಅತ್ತುಬಿಟ್ಟಳು. ತೂವಾ ಸುದ್ದಿ ಕೇಳಿ ತಲೆಯಾಡಿಸಿದಳು, ಕೊಳವೆ ಎತ್ತಿಕೊಂಡಳು. ಅಜ್ಜಿಯೊಂದಿಗೆ ಮಾತ್ರ ಮಾತಾಡಲಿಲ್ಲ. ಸಿಗ್ನೆ ಊಟ ಸೇರದೆ ಬೇಗ ಮಲಗಿದಳು.

ಬೆಳಿಗ್ಗೆ ಅವಳು ಬಂದಾಗ ಕಿಟಕಿಯ ಬಳಿಯ ಮೇಜಿನ ಮೇಲೆ ಹೊಸ ಲೋಟವೊಂದಿತ್ತು. ಪಕ್ಕದಲ್ಲೇ ಸುತ್ತಿಗೆ, ಹಿಡಿಯನ್ನು ಅವಳ ಕುರ್ಚಿಯ ಕಡೆ ತಿರುಗಿಸಿ ಇಟ್ಟಿತ್ತು. ತೂವಾ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು.

"ನೋಡಜ್ಜಿ," ಎಂದಳು.

ಸಿಗ್ನೆ ಕನ್ನಡಕವನ್ನು ಏಪ್ರನ್ನಿನ ಅಂಚಿನಲ್ಲಿ ಒರೆಸಿ ಹಾಕಿಕೊಂಡಳು. ಲೋಟವನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು.