ಎರವಲು ಹೋದ ಚಾಕುಗಳು

ಯಶವಂತ ಕಲಬುರಗಿಯ ಒಂದು ಐಟಿಐಯಲ್ಲಿ ಫಿಟ್ಟರ್ ಮಾಸ್ತರ. ವಯಸ್ಸು ಐವತ್ತಮೂರು, ಮದುವೆಯಾಗಿರಲಿಲ್ಲ. ಅವನ ಅಕ್ಕ ವಿದ್ಯಾವತಿಯೂ ಆಗಿರಲಿಲ್ಲ. ಅಪ್ಪ ಅವ್ವ ಹೋದ ಮೇಲೆ ಅಕ್ಕತಮ್ಮ ಇಬ್ಬರೇ ಒಂದು ಮನೆಯಲ್ಲಿ ಇಪ್ಪತ್ತೆರಡು ವರ್ಷ ಬಾಳಿದರು. ಅಕ್ಕ ಪ್ರೈಮರಿ ಶಾಲೆಯ ಟೀಚರು, ಬಾಯಿ ಜೋರು. ಇಡೀ ಓಣಿಯ ಮಾತನ್ನು ಅವಳೇ ಆಡುತ್ತಿದ್ದುದರಿಂದ ತಮ್ಮನಿಗೆ ಬಾಯಿ ತೆರೆಯುವ ಗರಜು ಬಿದ್ದಿರಲಿಲ್ಲ.

ಊರ ಹೊರಗೆ ಎಲ್ಲಾದರೂ ಒಂದು ರಾತ್ರಿ ಇದ್ದು ಬರುವ ಹುಚ್ಚು ಹತ್ತಿದ್ದು ಯಶವಂತನಿಗೆ. ಮೊದಲ ಸಲ ಒಂದು ಜಮಖಾನ, ಒಂದು ಬ್ಯಾಟರಿ ಹಿಡಿದು ಹೊರಟಾಗ ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು. “ನೆಲದ ಮ್ಯಾಲ ಮಲಗಾಕ ಅಷ್ಟು ದೂರ ಯಾಕ ಹೋಗ್ತಿ? ನಮ್ಮನ್ಯಾಗ ನೆಲ ಇಲ್ಲೇನು? ನಾನೂ ಬರ್ತೀನಿ, ಆದ್ರ ನನಗ ಗಾದಿ ಬೇಕು.”

ಹಾಗಾಗಿ ಹಳೇ ಓಮ್ನಿ ವ್ಯಾನಿನ ಹಿಂದಿನ ಸೀಟು ಬಿಚ್ಚಿ, ಹಲಗೆ ಬಡಿದು, ಮೇಲೆ ಹತ್ತಿಯ ಗಾದಿ ಹಾಸಿದ. ಅವ್ವ ಹೊಲಿದ ಎರಡು ಕೌದಿ ಬಂದವು. ಮಡಚುವ ಎರಡು ಖುರ್ಚಿ, ಸಣ್ಣ ಗ್ಯಾಸಿನ ಒಲೆ, ಹಿತ್ತಾಳೆಯ ಬೋಗಾಣಿ, ರೊಟ್ಟಿ ಬಿಸಿ ಮಾಡಲು ಕಬ್ಬಿಣದ ಹಂಚು, ಚಹಾಪುಡಿಯ ಡಬ್ಬಿ, ಏಲಕ್ಕಿ ಕುಟ್ಟುವ ಪುಟ್ಟ ಕಲ್ಲು ಕೂಡ ಬಂತು. ಅಕ್ಕ ವ್ಯಾನಿನಲ್ಲಿ ಮಲಗುತ್ತಿದ್ದಳು, ತಮ್ಮ ಹೊರಗೆ ತಾಡಪತ್ರಿಯ ಕೆಳಗೆ ಮಡಚುವ ಮಂಚದ ಮೇಲೆ.

ಅವನ ಸ್ವಂತದ್ದು ಅಂದರೆ ಚಾಕುಗಳು. ಲಾರಿಯ ಕಮಾನಿನ ಪಟ್ಟಿಯಿಂದ ನೆಹರು ಗಂಜಿನ ಹಿಂದಿನ ಕಂಬಾರ ದೌಲಪ್ಪ ಬಡಿದುಕೊಟ್ಟ ಕೊಯ್ತಾ. ಒಂದೇ ಏಟಿಗೆ ಹೆಬ್ಬೆರಳು ದಪ್ಪದ ಟೊಂಗೆ ತುಂಡಾಗುತ್ತಿತ್ತು. ರೋಜಾ ಬಡಾವಣೆಯ ಒಂದು ಹಳೇ ಅಂಗಡಿಯಲ್ಲಿ ಕೊಂಡ, ಎಮ್ಮೆ ಕೋಡಿನ ಹಿಡಿಯ ಮಡಚು ಚಾಕು. ಮಣೆಗೆ ಕೂರಿಸಿದ ಅವ್ವನ ಈಳಗಿ. ನೂರು ಸಲ ಸಾಣೆ ಹಿಡಿದು ಅದರ ಅಲಗು ಅರ್ಧ ಸವೆದು ಹೋಗಿತ್ತು. ಈ ಮೂರನ್ನೂ ಒಂದು ದಪ್ಪ ಖಾಕಿ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳುತ್ತಿದ್ದ. “ಮಕ್ಕಳಿಗೆ ಸ್ವೆಟರ್ ಹಾಕಿದಂಗ ಹಾಕ್ತಾನ” ಎಂದು ಅಕ್ಕ ನಗುತ್ತಿದ್ದಳು.

ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಮೂರೇ ದಿನದ ಜ್ವರ. ಬಂದವರು ಹದಿಮೂರು ದಿನ ಬಂದರು, ಆಮೇಲೆ ತಮ್ಮ ತಮ್ಮ ಕೆಲಸಕ್ಕೆ ಹೋದರು. ಯಶವಂತ ಮಾತ್ರ ಶನಿವಾರದ ತಿರುಗಾಟ ಬಿಡಲಿಲ್ಲ. ಮನೆಯಲ್ಲಿ ಒಬ್ಬನೇ ಇರುವುದಕ್ಕಿಂತ ಬಯಲಿನಲ್ಲಿ ಒಬ್ಬನೇ ಇರುವುದು ವಾಸಿ ಅನ್ನಿಸುತ್ತಿತ್ತು. ಬಯಲಿನಲ್ಲಿ ಒಬ್ಬನೇ ಇದ್ದರೆ ಯಾಕೆಂದು ಯಾರೂ ಕೇಳುವುದಿಲ್ಲ.

ಡಿಸೆಂಬರಿನ ಒಂದು ಶನಿವಾರ ಅವನು ಹುಮನಾಬಾದ್ ರಸ್ತೆ ಹಿಡಿದ. ತೊಗರಿ ಹೊಲಗಳು ಹಳದಿಯಿಂದ ಕಂದು ಬಣ್ಣಕ್ಕೆ ತಿರುಗಿದ್ದವು. ಕಮಲಾಪುರದ ಇಳಿಜಾರು ದಾಟುತ್ತಲೇ ಮಣ್ಣು ಕೆಂಪಾಯಿತು, ರಸ್ತೆಯ ಬದಿಗೆ ಕೆಂಪು ಬಾಳೆಯ ಗೊನೆಗಳು ತೂಗಿದ್ದವು. ಊರು ದಾಟಿ ಎಡಕ್ಕೆ ಬಂಡಿದಾರಿಯಲ್ಲಿ ಎರಡು ಮೈಲಿ ಒಳಗೆ ಒಂದು ಕೆರೆ. ಒಂದು ಕಡೆ ಬಾಳೆತೋಟ, ಇನ್ನೊಂದು ಕಡೆ ಕುರುಚಲು ಗುಡ್ಡ. ಇಲ್ಲಿಗೆ ಅವನು ಬಂದದ್ದು ಅದೇ ಮೊದಲು.

ಬೇವಿನ ಮರದ ನೆರಳಿಗೆ ವ್ಯಾನು ನಿಲ್ಲಿಸಿ ತಾಡಪತ್ರಿ ಎಳೆದು ಕಟ್ಟಿದ. ಖುರ್ಚಿ ಎರಡನ್ನೂ ಇಳಿಸಿ ಕೆರೆಗೆ ಮುಖ ಮಾಡಿ ಹಾಕಿದ. ಚಹಾ ಇಟ್ಟ. ಖಾಕಿ ಬಟ್ಟೆ ಬಿಚ್ಚಿ ಚಾಕುಗಳನ್ನು ಸಾಲಾಗಿ ಇಟ್ಟು, ಒಂದೊಂದಕ್ಕೂ ಹತ್ತಿಯಿಂದ ಕುಸುಬೆ ಎಣ್ಣೆ ಸವರತೊಡಗಿದ. ಈ ಹೊತ್ತು ಅವನಿಗೆ ವಾರದಲ್ಲೇ ಇಷ್ಟದ ಹೊತ್ತು.

“ಈ ಹಿಡಿ ಸಡ್ಲ ಆಗೇದ ನೋಡು. ಸೋಮವಾರ ಒಂದು ರಿವೆಟ್ ಬಡೀಬೇಕು” ಅಂದ.

ಹಿಂದೆ ಯಾರೋ ಕೆಮ್ಮಿದರು. ಬಾಳೆತೋಟದ ಬೇಲಿಯ ಹತ್ತಿರ ಒಬ್ಬ ಮುದುಕಿ ನಿಂತಿದ್ದಳು. ಅರವತ್ತೈದರ ಮೇಲೆ ಇರಬಹುದು, ಗಟ್ಟಿ ಮೈ, ಹಣೆಗೆ ವಿಭೂತಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

“ಯಾರ್ರೀ ಇದು? ಯಾವೂರಾಯ್ತು?”

“ಕಲಬುರಗಿರೀ ಯವ್ವಾ. ಸುಮ್ನ ಬಂದೀನ್ರೀ. ಒಂದು ರಾತ್ರಿ ಇದ್ದು ಹೋಗ್ತೀನಿ. ನಿಮ್ಮ ಜಾಗ ಏನ್ರೀ?”

“ಕೆರಿ ಯಾರ ಜಾಗಾನೂ ಅಲ್ಲ. ತೋಟ ನಂದು. ನಾ ಚಂದಮ್ಮ. ಒಬ್ರೇ ಬಂದೀರೇನು?”

“ಒಬ್ನೇ.”

ಅವಳು ಖುರ್ಚಿಗಳನ್ನು ನೋಡಿದಳು, ಬಟ್ಟೆಯ ಮೇಲಿದ್ದ ಚಾಕುಗಳನ್ನು ನೋಡಿದಳು. ಆಮೇಲೆ ಕೊಯ್ತಾ ತೋರಿಸಿ, “ಅದನ್ನ ಒಂದೀಟು ಕೊಡ್ತೀರೇನ್ರೀ? ಬಾಳಿ ಎಲಿ ಕೊಯ್ಯೋದದ, ನನ್ನದು ಮೊಂಡಾಗೇದ” ಅಂದಳು.

ಯಶವಂತನಿಗೆ ಖುಷಿಯೇ ಆಯಿತು. ದೌಲಪ್ಪನ ಕೊಯ್ತಾ ಇಷ್ಟು ದಿನ ಕಟ್ಟಿಗೆ ಸಿಗಿದದ್ದು ಬಿಟ್ಟರೆ ನಿಜವಾದ ಕೆಲಸ ಕಂಡಿರಲಿಲ್ಲ. “ಒಯ್ಯಿರಿ ಒಯ್ಯಿರಿ. ಹುಷಾರ್ರೀ, ಭಾಳ ಹರಿತದ” ಅಂದ.

ಅರ್ಧ ತಾಸಿಗೆ ಅವಳು ಮತ್ತೆ ಬಂದಳು, ಕೈಯಲ್ಲಿ ನಾಲ್ಕು ಕೆಂಪು ಬಾಳೆಹಣ್ಣು. ಹಣ್ಣು ಕೊಟ್ಟು ಮಡಚು ಚಾಕು ಕೇಳಿದಳು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚಬೇಕಂತೆ. ಸಂಜೆ, ಅವನು ಬದನೆಕಾಯಿ, ಉಳ್ಳಾಗಡ್ಡಿ ಹೆಚ್ಚಿ ಮುಗಿಸಿದ ಹೊತ್ತಿಗೆ ಮೂರನೇ ಸಲ ಬಂದಳು. “ಇಂಥ ಈಳಗಿ ನಮ್ಮವ್ವಂದೂ ಇತ್ತು. ಇವತ್ತೊಂದಿನ ನನ್ನ ಹತ್ರ ಇರ್ಲಿ, ಮುಂಜಾನಿ ಕೊಡ್ತೀನಿ” ಅಂದಳು. ಅದನ್ನೂ ಒಯ್ದಳು. ನಾಲ್ಕನೇ ಸಲ ಬಂದಾಗ ಆಕಳಿಗೆ ಅಂತ ವ್ಯಾನಿನೊಳಗಿದ್ದ ನೈಲಾನ್ ಹಗ್ಗ ಕೇಳಿದಳು.

ಇವಳ ಮನೆಯಲ್ಲಿ ಏನೂ ಇಲ್ಲವೇ ಎಂದು ಯಶವಂತನಿಗೆ ಒಂದು ಗಳಿಗೆ ಅನ್ನಿಸಿತು. ಆದರೆ ಕೇಳಿದರೆ ಅವಳು ಮತ್ತೆ ಬರಲಿಕ್ಕಿಲ್ಲ. ಅವನು ಕೇಳಲಿಲ್ಲ.

“ಊಟ ಆತೇನ್ರೀ ಯವ್ವಾ? ನಾನೂ ಲಿಂಗವಂತರವನೇ. ರೊಟ್ಟಿ ಅದಾವ, ಎಣ್ಣೆಗಾಯಿ ಮಾಡಾಕತ್ತೀನಿ. ಕೂಡ್ರಿ.”

ಚಂದಮ್ಮ ಕೂತಳು. ಖುರ್ಚಿಯಲ್ಲಿ ಅಲ್ಲ, ನೆಲದ ಮೇಲೆ ಕಾಲು ಚಾಚಿ. ಹಂಚಿನ ಮೇಲೆ ರೊಟ್ಟಿ ಬಿಸಿಯಾಯಿತು, ಶೇಂಗಾ ಹಿಂಡಿಯ ಮೇಲೆ ಎಣ್ಣೆ ಬಿತ್ತು. ಎರಡು ರೊಟ್ಟಿ ತಿಂದು, “ಗಂಡಸಿನ ಕೈಯಾಗ ಇಷ್ಟು ರುಚಿ ಇರಬಾರ್ದು” ಅಂದಳು. ಯಶವಂತ ನಕ್ಕ. ಹಾಗೇ ಮಾತು ಶುರುವಾಯಿತು. ಎರಡು ವರ್ಷದಲ್ಲಿ ಯಾರ ಮುಂದೆಯೂ ಹೇಳದ್ದನ್ನು ಅವನು ಹೇಳಿದ: ಅಕ್ಕನ ಗಾದಿಯ ಹಟ, ಮೂರು ದಿನದ ಜ್ವರ, ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ಅವಳು “ಗ್ಯಾಸ್ ಬಂದ್ ಮಾಡೀಯೇನು?” ಎಂದು ಕೇಳಿದ್ದು, ಅದೇ ಅವಳ ಕಡೆಯ ಮಾತಾಗಿದ್ದು.

ಚಂದಮ್ಮ ಹ್ಞೂಂ ಅನ್ನುತ್ತ ಕೇಳಿದಳು. ನಡುನಡುವೆ ಒಂದೇ ಥರದ ಪ್ರಶ್ನೆ ಹಾಕುತ್ತಿದ್ದಳು. “ನಾಳಿ ಊರಿಗಿ ಹೋಗಿ ಏನ್ ಮಾಡ್ತಿ?” “ಸೋಮವಾರ ಸಾಲಿ ಅದೇನು?” “ಮುಂದಿನ ತಿಂಗಳ ಪರೀಕ್ಷಿ ನೀನೇ ತೊಗೋತಿ ಹೌದಿಲ್ಲ?” ಯಾವಾಗ ಅವಳು ರೀ ಬಿಟ್ಟು ಏಕವಚನಕ್ಕೆ ಇಳಿದಳೋ ಇಬ್ಬರಿಗೂ ಗೊತ್ತಾಗಲಿಲ್ಲ. ಐಟಿಐಯ ಬಗ್ಗೆ ಒಬ್ಬರಿಗೆ ಇಷ್ಟು ಆಸ್ಥೆ ಇರುವುದನ್ನು ಕಂಡು ಯಶವಂತ ವರ್ಕ್‌ಶಾಪಿನ ಲೇತ್ ಮಷೀನಿನ ತನಕ ವರ್ಣಿಸಿದ.

ಏಳುವಾಗ ಅವಳು, “ನಾ ಮಂಚ ಇಲ್ಲೇ ಬೇಲಿ ಹತ್ರ ಹಾಕೀನಿ. ಒಳಗ ಸೆಕಿ. ಏನರ ಬೇಕಾದ್ರ ಕೂಗು” ಅಂದಳು. ಡಿಸೆಂಬರಿನ ಚಳಿಯಲ್ಲಿ ಎಂಥ ಸೆಕೆ ಎಂದು ಅವನು ಯೋಚಿಸಲಿಲ್ಲ. ವ್ಯಾನಿನಲ್ಲಿ ಅಕ್ಕನ ಗಾದಿಯ ಮೇಲೆ ಬಿದ್ದವನಿಗೆ ಕಣ್ಣು ಹತ್ತಿತು. ಎರಡು ವರ್ಷದಲ್ಲಿ ಅಷ್ಟು ನಿದ್ದೆ ಬಂದಿರಲಿಲ್ಲ.

ಬೆಳಗಾದ ಮೇಲೆ ಚಹಾ ಮಾಡಿ, ಎರಡು ಲೋಟ ಹಿಡಿದು ತೋಟದ ಶೆಡ್ಡಿಗೆ ಅವನೇ ಹೋದ. ಚಂದಮ್ಮ ಆಕಳಿಗೆ ಮೇವು ಹಾಕುತ್ತಿದ್ದಳು. ಆಕಳ ಕೊರಳಿಗೆ ಕಬ್ಬಿಣದ ಸರಪಳಿ ಇತ್ತು. ಮೂಲೆಯಲ್ಲಿ ಗೊಬ್ಬರದ ಚೀಲಗಳ ಹೊಲಿಗೆ ಬಿಚ್ಚಿರಲಿಲ್ಲ. ಕೊಯ್ದ ಎಲೆ ಒಂದೂ ಇರಲಿಲ್ಲ. ಬೇಲಿಯ ಹತ್ತಿರದ ಮಂಚದ ಕೆಳಗೆ ಒಂದು ಹಳೇ ಸೀರೆಯ ಗಂಟು; ಅದರಿಂದ ಅವನ ನೈಲಾನ್ ಹಗ್ಗದ ತುದಿ ಹೊರಗೆ ಬಂದಿತ್ತು.

ಅವನು ಲೋಟ ಕೆಳಗಿಟ್ಟು ಗಂಟು ಬಿಚ್ಚಿದ. ಕೊಯ್ತಾ, ಚಾಕು, ಈಳಗಿ. ಅವನು ಸವರಿದ ಎಣ್ಣೆ ಕೊಯ್ತಾ, ಚಾಕುಗಳ ಮೇಲೆ ಹಾಗೇ ಹೊಳೆಯುತ್ತಿತ್ತು.

“ಯವ್ವಾ, ಇವನ್ನ ನೀವು ಮುಟ್ಟೇ ಇಲ್ಲ.”

ಚಂದಮ್ಮ ಮೇವಿನ ಕೈ ಝಾಡಿಸಿಕೊಂಡಳು. ಮುಖ ಸಣ್ಣದಾಗಿತ್ತು. “ಕೂಡು” ಅಂದಳು. “ಸಿಟ್ಟಿಗಿ ಬರಬ್ಯಾಡ. ಮೂರು ವರ್ಷದ ಹಿಂದ ಇಲ್ಲೇ ಒಂದು ಕಾರು ಬಂದಿತ್ತು. ನಿನ್ನಷ್ಟೇ ವಯಸ್ಸಿನಾಂವ. ಛಲೋ ಅರಿವಿ ಹಾಕಿದ್ದ, ಕೈ ಮುಗದು ಮಾತಾಡ್ಸಿದ. ಬಾಳಿಹಣ್ಣು ಕೇಳ್ದ, ಕೊಟ್ಟೆ. ಭಾಳ ಸಿಹಿ ಅದಾವ ಯವ್ವಾ ಅಂದ. ನಾ ಮನಿಗಿ ಹೋಗಿ ರೊಟ್ಟಿ ಬಡದು ಉಂಡು ಮಕ್ಕೊಂಡೆ. ಮುಂಜಾನಿ ಬಂದ್ರ ಕೆರ್ಯಾಗ ಇದ್ದ.”

ಯಶವಂತ ಅಲ್ಲೇ ಮಂಚದ ಅಂಚಿಗೆ ಕೂತ.

“ಚಾಕು, ಹಗ್ಗ ಇಸಗೋಬಹುದು. ಕೆರಿ ಹ್ಯಾಂಗ ಇಸಗೊಳ್ಲಿ? ಅದಕ್ಕ ಮಂಚ ಹಾಕಿ ಕೂತೆ.”

ಅವನಿಗೆ ನಿನ್ನೆಯ ಹೊತ್ತೆಲ್ಲ ಬೇರೆಯಾಗಿ ಕಂಡಿತು: ರೊಟ್ಟಿ, ನಗು, ಲೇತ್ ಮಷೀನು. ಅವನು ಜೊತೆ ಅಂದುಕೊಂಡಿದ್ದು ಕಾವಲಾಗಿತ್ತು.

“ನಾ ಅಂಥವ ಅಲ್ರೀ. ವಾರಾ ವಾರಾ ಬರ್ತೀನಿ, ಉಣ್ತೀನಿ, ಮಲಗ್ತೀನಿ, ಹೋಗ್ತೀನಿ. ನಾ ಸಾಯಾಕ ಬಂದಾಂವನಂಗ ಕಂಡ್ನೇನು ನಿಮಗ?” ದನಿ ತಾನೇ ಏರಿತ್ತು.

“ನೀ ಒಬ್ನೇ ಬಂದೀನಿ ಅಂದಿ. ಖುರ್ಚಿ ಎರಡು ಹಾಕಿದ್ದಿ. ನಾ ಬೇಲಿ ಹತ್ರ ಭಾಳ ಹೊತ್ತು ನಿಂತಿದ್ನೆಪ್ಪಾ. ನೀ ಆ ಖಾಲಿ ಖುರ್ಚಿ ಕೂಡ ಮಾತಾಡಾಕತ್ತಿದ್ದಿ.”

“ಇಲ್ಲ” ಅಂದ ಯಶವಂತ.

“ಹ್ಞೂಂ ಅಂತಿದ್ದಿ, ನಗ್ತಿದ್ದಿ. ಚಹಾದ ಲೋಟ ಆ ಕಡಿ ಸರಿಸಿದ್ದಿ.”

ಅವನಿಗೆ ನೆನಪಿರಲಿಲ್ಲ. ಎಷ್ಟು ದಿನದಿಂದ ಹೀಗೆ? ವಾರವಾರ ಬಯಲಿನಲ್ಲಿ ಮೌನವಾಗಿ ಕೂತು ಬರುತ್ತೇನೆ ಎಂದೇ ಅವನು ತಿಳಿದಿದ್ದ. ಮನೆಯಲ್ಲೂ ಮಾತಾಡುತ್ತಿದ್ದಿರಬಹುದೇ? ಸ್ಟಾಫ್ ರೂಮಿನಲ್ಲಿ? ಅಲ್ಲಿ ಯಾರಾದರೂ ಕೇಳಿ ಸುಮ್ಮನಾದರೇ? ಅವನು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅದು ಆರುವ ತನಕ ಹಾಗೇ ಕೂತ.

“ಆ ಮನಷ್ಯನ ಹೆಸರೇನಿತ್ತು?” ಕೊನೆಗೆ ಕೇಳಿದ.

“ಗೊತ್ತಿಲ್ಲ. ಹಣ್ಣು ಕೊಟ್ಟೆ, ಹೆಸರು ಕೇಳ್ಲಿಲ್ಲ.” ಚಂದಮ್ಮ ಕೆರೆಯ ಕಡೆ ನೋಡಿದಳು. “ನಿಂದೂ ಕೇಳಿಲ್ಲ ನೋಡು.”

“ಯಶವಂತ.”

“ಯಶವಂತ” ಎಂದು ಅವಳು ಬಾಯಿಯಲ್ಲಿ ಒಮ್ಮೆ ಹೇಳಿಕೊಂಡಳು.

ಅವನು ಚಾಕುಗಳನ್ನು ಖಾಕಿ ಬಟ್ಟೆಯಲ್ಲಿ ಸುತ್ತಿಕೊಂಡು, ಮಧ್ಯಾಹ್ನದ ತನಕವೂ ಇರದೆ ಹೊರಟುಬಿಟ್ಟ. ಹೋಗುತ್ತೇನೆ ಅಂತಲೂ ಸರಿಯಾಗಿ ಹೇಳಲಿಲ್ಲ. ಗಂಜಿನ ಹತ್ತಿರ ಲಾರಿಗಳ ನಡುವೆ ಸಿಕ್ಕಿಕೊಂಡಾಗ ತುಟಿ ಬಿಗಿಹಿಡಿದು ಕೂತಿದ್ದ, ಎಲ್ಲಿ ಮಾತು ಹೊರಗೆ ಬಿದ್ದೀತೋ ಎಂದು.

ಮುಂದಿನ ಶನಿವಾರ ಹೋಗಲಿಲ್ಲ. ಅದರ ಮುಂದಿನದೂ ಇಲ್ಲ. ಮನೆಯಲ್ಲಿ ಟಿವಿ ಹಚ್ಚಿ, ದನಿ ಏರಿಸಿ ಕೂತ. ಮೂರನೇ ಶನಿವಾರಕ್ಕೆ ಟಿವಿಯೂ ಬೇಸರವಾಯಿತು. ಜನವರಿ ಪೂರ್ತಿ ಪರೀಕ್ಷೆಯ ಗಡಿಬಿಡಿ. ಫೆಬ್ರವರಿಯ ಮೊದಲ ವಾರ ವ್ಯಾನು ತಾನಾಗಿಯೇ ಎಂಬಂತೆ ಹುಮನಾಬಾದ್ ರಸ್ತೆಗೆ ತಿರುಗಿತು.

ಕೆರೆಯ ನೀರು ಒಂದಾಳು ಇಳಿದಿತ್ತು. ಚಂದಮ್ಮ ತೋಟದಲ್ಲಿದ್ದಳು. ವ್ಯಾನು ನೋಡಿ ದೂರದಿಂದಲೇ ಕೈ ಎತ್ತಿದಳು, “ಬಂದಿಯೇನಪ್ಪಾ ಯಶವಂತಾ, ಛಲೋ ಆತು” ಎಂದು ಕೂಗಿ ಮತ್ತೆ ಕೆಲಸಕ್ಕೆ ಬಾಗಿದಳು. ಅವನು ತಾಡಪತ್ರಿ ಕಟ್ಟಿದ, ಚಹಾ ಇಟ್ಟ, ಬೇಲಿಯ ಕಡೆ ಕಿವಿ ಕೊಟ್ಟು ಕೂತ. ಅವಳು ಬರಲಿಲ್ಲ. ಇಳಿಹೊತ್ತಾಯಿತು, ಆಗಲೂ ಬರಲಿಲ್ಲ. ಇವನು ಸರಿಯಾಗಿದ್ದಾನೆ, ಹೇಳಿದಂತೆ ವಾರಕ್ಕೆ ಬಂದು ಉಂಡು ಹೋಗುವವನು ಎಂದು ಅವಳು ನಂಬಿದ್ದಳು. ಅವನೇ ಅಲ್ಲವೇ ಸಿಟ್ಟಿನಿಂದ ಹೇಳಿ ನಂಬಿಸಿದ್ದು?

ತನ್ನನ್ನು ಕಾಯಲು ಯಾರೂ ಇಲ್ಲದೆ ಅವನು ಅಲ್ಲಿ ಬಹಳ ಹೊತ್ತು ಕೂತಿದ್ದ. ನೀರಿನ ಮೇಲೆ ಬೆಳಕು ತೆಳ್ಳಗಾಗುತ್ತ ಬಂತು. ಗುಡ್ಡದ ಕಡೆಯಿಂದ ಒಂದು ನವಿಲು ಕೂಗಿತು, ಆಮೇಲೆ ಅದೂ ಸುಮ್ಮನಾಯಿತು.

ಅವನು ಎದ್ದು ಚಪ್ಪಲಿ ಮೆಟ್ಟಿ, ಬೇಲಿಯ ಗೇಟು ಸರಿಸಿ ಒಳಗೆ ಹೋದ. ಚಂದಮ್ಮ ಶೆಡ್ಡಿನ ಮುಂದೆ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ತಲೆ ಎತ್ತಿ ನೋಡಿದಳು.

“ಏನರ ಬೇಕಾಗಿತ್ತೇನಪ್ಪಾ?”

ಅವನು ಕಂಬಕ್ಕೆ ಕೈ ಹಚ್ಚಿ ನಿಂತ. ಏನಾದರೂ ನೆಪ ಹೇಳಬಹುದಿತ್ತು. “ಏನಿಲ್ಲ. ಒಬ್ನೇ ಕೂಡಾಕ ಆಗ್ಲಿಲ್ಲ” ಅಂದ.

ಚಂದಮ್ಮ ಮೊರವನ್ನು ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡು ಕಟ್ಟೆಯ ಮೇಲೆ ಜಾಗ ಮಾಡಿದಳು. ಅವನು ಕೂತ. ಅವಳು ಮತ್ತೆ ಕೇರತೊಡಗಿದಳು. ಹೊಟ್ಟು ಅಂಗಳದ ಮೇಲೆ ಹಾರಿ ಹೋಗುತ್ತಿತ್ತು.