ಚಿಕ್ಕಮ್ಮನಿಗಾಗಿ ಆರಿಸಿದ ಕ್ಯಾಮೆರಾ

ಆ ಅಂಗಡಿಗೆ ಬೋರ್ಡು ಇರಲಿಲ್ಲ. ಕನ್ನಡಕದ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ ಒಂದೇ ಕೋಣೆ, ಗೋಡೆಯುದ್ದಕ್ಕೂ ಗಾಜಿನ ಕಪಾಟು, ಅದರೊಳಗೆ ಯಾರು ಯಾರೋ ಬಳಸಿ ಬಿಟ್ಟ ವಿಡಿಯೊ ಕ್ಯಾಮೆರಾಗಳು. ನಾನು ಪದವಿ ಮುಗಿಸಿ ಎರಡು ತಿಂಗಳಾಗಿತ್ತು. ಆ ವಾರ ಅಲ್ಲಿಗೆ ನಾಲ್ಕನೇ ಸಲ ಹೋಗಿದ್ದೆ. ಈ ಸಲ ಜೊತೆಗೆ ಚಿಕ್ಕಮ್ಮನೂ ಬಂದಿದ್ದಳು.

ಚಿಕ್ಕಮ್ಮ ಇಪ್ಪತ್ತಾರು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತವಳು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಕಳೆದಿದೆ ಎಂದು ಊರಿಗೆಲ್ಲ ಹೇಳಿದವಳು. ಊರಿಗೆ ಅವಳ ಧ್ವನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಬರುವ ಶುಕ್ರವಾರ ಅವಳ ಕೊನೆಯ ಪಾಳಿ. ಶನಿವಾರದಿಂದ ಆ ಕೆಲಸವನ್ನು ಯಂತ್ರವೇ ಮಾಡುವುದಿತ್ತು. ಆ ಕೊನೆಯ ದಿನವನ್ನು ಚಿತ್ರವಾಗಿ ಹಿಡಿಯಬೇಕೆಂದು ನಾನು ಹಟ ಹಿಡಿದಿದ್ದೆ. ಅದು ನನ್ನ ಮೊದಲ ಚಿತ್ರ. ಶುಕ್ರವಾರ ತಪ್ಪಿದರೆ ಮತ್ತೊಂದು ಶುಕ್ರವಾರ ಇರಲಿಲ್ಲ. ಟ್ಯೂಷನ್ ಹೇಳಿ ಕೂಡಿಟ್ಟದ್ದರಲ್ಲಿ ಒಂದು ಹಳೆಯ ಕ್ಯಾಮೆರಾ ಬರುತ್ತಿತ್ತು, ಅಷ್ಟೇ. ಕೊಂಡ ಮೇಲೆ ವಾಪಸ್ ಇಲ್ಲ ಎಂದು ಅಂಗಡಿಯವರು ಮೊದಲ ದಿನವೇ ಹೇಳಿದ್ದರು.

ಅವರು ಹಿಂದೆ ಮದುವೆಗಳ ವಿಡಿಯೊ ತೆಗೆಯುತ್ತಿದ್ದವರು. ಚಿಕ್ಕಮ್ಮನಿಗೆ ಸ್ಟೂಲು ಎಳೆದುಕೊಟ್ಟು, "ನಿಮ್ಮ ಹುಡುಗ ಹೀಗೇ ದಿನಾ ಬಂದ್ರೆ ನಾನು ಬಾಡಿಗೆ ಕೇಳ್ಬೇಕಾಗುತ್ತೆ ಅಮ್ಮ" ಎಂದರು.

"ಕೇಳಿ, ಧಾರಾಳವಾಗಿ ಕೇಳಿ. ಮನೇಲಿ ಬಾಯಿಗೆ ಬೀಗ. ಇಲ್ಲಾದ್ರೂ ಮಾತಾಡ್ತಾನಾ?"

"ನಾಲ್ಕು ದಿನಕ್ಕೆ ಆರು ಮಾತು."

"ಅಯ್ಯೋ, ನಮಗಿಂತ ನಿಮಗೇ ಜಾಸ್ತಿ ಸಿಕ್ಕಿದೆ!"

ನನ್ನ ಆಯ್ಕೆ ಎರಡಕ್ಕೆ ಇಳಿದಿತ್ತು. ಒಂದು ಬೆಳ್ಳಿ ಬಣ್ಣದ್ದು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಮಬ್ಬು ಬೆಳಕಿನಲ್ಲೂ ಮುಖವನ್ನು ಮುತ್ತಿನ ಹಾಗೆ ತೋರಿಸುತ್ತಿತ್ತು. ಇನ್ನೊಂದು ಕರಿಯದು, ಇಟ್ಟಿಗೆಯಷ್ಟು ಭಾರ. ಬೆಳಕು ಕಡಿಮೆಯಾದರೆ ಚಿತ್ರದ ಮೇಲೆ ಮರಳು ಎರಚಿದಂತೆ ಕಾಣುತ್ತಿತ್ತು. ಚಿಕ್ಕಮ್ಮನ ಕೋಣೆಗೆ ಕಿಟಕಿಯಿಲ್ಲ, ಇರುವುದು ಒಂದು ಟ್ಯೂಬ್‌ಲೈಟ್. ಬೆಳ್ಳಿಯದೇ ಸರಿ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡು ಬಂದಿದ್ದೆ.

"ಏನಾದ್ರೂ ಹೇಳು ಚಿಕ್ಕಮ್ಮ" ಎಂದೆ, ಬೆಳ್ಳಿಯದನ್ನು ಅವಳತ್ತ ಹಿಡಿದು.

"ಏನು ಹೇಳ್ಲೋ?"

"ದಿನಾ ಹೇಳೋದೇ ಹೇಳು."

ಅವಳು ಬೆನ್ನು ನೆಟ್ಟಗೆ ಮಾಡಿದಳು. ಬೆರಳಿನಿಂದ ಮಂಡಿಯ ಮೇಲೆ ಇಲ್ಲದ ಸ್ವಿಚ್ಚೊಂದನ್ನು ಒತ್ತಿದಳು. ಎರಡು ಉಸಿರಿನಷ್ಟು ಹೊತ್ತು ಸುಮ್ಮನಿದ್ದಳು. ಆಮೇಲೆ, "ಪ್ರಯಾಣಿಕರ ಗಮನಕ್ಕೆ..." ಎಂದಳು.

ಆ ಎರಡು ಉಸಿರು ಅವಳ ಕೆಲಸದ ಪದ್ಧತಿ. ಹಳೆಯ ಧ್ವನಿವರ್ಧಕಗಳು ಸ್ವಿಚ್ ಒತ್ತಿದೊಡನೆ ಗುರ್ ಎನ್ನುತ್ತಿದ್ದವು. ಆ ಸದ್ದು ಅಡಗುವ ತನಕ ಕಾಯಬೇಕಿತ್ತು. ಅವು ಬದಲಾಗಿ ಎಷ್ಟೋ ವರ್ಷವಾಗಿದ್ದರೂ ಕಾಯುವುದು ಮಾತ್ರ ಹೋಗಿರಲಿಲ್ಲ.

ತೆಗೆದದ್ದನ್ನು ಹಾಕಿ ನೋಡಿದೆವು. ಕಿವಿಯ ಪಕ್ಕದ ನರೆಗೂದಲು, ಕನ್ನಡಕ ಮೂಗಿನ ಮೇಲೆ ಬಿಟ್ಟ ಗುರುತು, ಎಲ್ಲವೂ ಎಣಿಸುವಷ್ಟು ಸ್ಪಷ್ಟ. ಆದರೆ ಅವಳು ಸುಮ್ಮನಿದ್ದ ಕಡೆ ಸುಯ್ ಎಂಬ ಸದ್ದು ಏರುತ್ತ ಏರುತ್ತ ಕೋಣೆ ತುಂಬಿತು. ಅದರ ಮೇಲೆ ಅವಳ ಮೊದಲ ಪದ ತಗಡು ಬಡಿದಂತೆ ಬಂದು ಬಿತ್ತು.

"ಇದ್ಯಾಕೆ ಹೀಗೆ?"

"ಅದು ಧ್ವನೀನ ತಾನೇ ಏರಿಸಿ ಇಳಿಸುತ್ತಪ್ಪ. ಯಾರೂ ಮಾತಾಡಿಲ್ಲ ಅಂದ್ರೆ, ಏನೋ ಗುಟ್ಟು ಹೇಳ್ತಿದ್ದಾರೆ ಅಂತ ಕಿವಿ ಅಗಲಿಸುತ್ತೆ."

"ನಿಲ್ಲಿಸೋಕಾಗಲ್ವಾ?"

"ಇದ್ರಲ್ಲಿ ಆಗಲ್ಲ. ಮದುವೆಮನೇಲಿ ಯಾರು ಸುಮ್ಮನಿರ್ತಾರೆ ಹೇಳು? ಅಲ್ಲಿ ಚೆನ್ನಾಗೇ ನಡೀತಿತ್ತು. ಅಮ್ಮಂಗೆ ಕಾಯದೆ ಮಾತಾಡೋಕೆ ಹೇಳು, ಸರಿಹೋಗುತ್ತೆ."

"ಅದಕ್ಕೇನಂತೆ" ಎಂದಳು ಚಿಕ್ಕಮ್ಮ. ನನಗಾಗಿ ಮೂರು ಸಲ ಪ್ರಯತ್ನಿಸಿದಳು. ಸ್ವಿಚ್ ಒತ್ತಿದಳು, ಬಾಯಿ ತೆರೆದಳು, ಮಾತು ಬರಲಿಲ್ಲ. ಮೂರನೇ ಸಲ ತನ್ನ ಊರಿನ ಹೆಸರೇ ಮರೆತವಳಂತೆ ನನ್ನನ್ನು ನೋಡಿದಳು.

"ಆಗ್ತಿಲ್ಲ ಕಣೋ. ನೀನು ಹೇಗೆ ಬೇಕೋ ಹಾಗೆ ಆಮೇಲೆ ಕತ್ತರಿಸ್ಕೊ."

ಕತ್ತರಿಸಬಹುದಿತ್ತು. ನಾನು ಕರಿಯದನ್ನು ಎತ್ತಿಕೊಂಡೆ. ಅದರ ಪಕ್ಕದಲ್ಲಿ ಧ್ವನಿಯನ್ನು ಕೈಯಿಂದಲೇ ನಿಗದಿ ಮಾಡುವ ಪುಟ್ಟ ತಿರುಗುಗುಂಡಿ ಇತ್ತು. ಮತ್ತೆ ತೆಗೆದೆ, ಮತ್ತೆ ಕೇಳಿದೆ. ಈಗ ಎರಡು ಉಸಿರಿನ ಜಾಗದಲ್ಲಿ ಎರಡು ಉಸಿರೇ ಇದ್ದವು. ದೂರದಲ್ಲಿ ಫ್ಯಾನು, ಕೆಳಗೆ ಬೀದಿ, ಆಮೇಲೆ ಅವಳು. ಮುಖ ಮಾತ್ರ ಮರಳು ಮರಳು.

"ಇದ್ರಲ್ಲಿ ನಾನು ಹುಣಸೆಹಣ್ಣಿನ ಥರ ಕಾಣ್ತೀನಲ್ಲೋ!"

"ಇದೇ ಕೊಡಿ" ಎಂದೆ ಅಂಗಡಿಯವರಿಗೆ.

ಅವರು ಕ್ಷಣ ನನ್ನ ಮುಖ ನೋಡಿ, "ಒಂಬತ್ತನೇ ಮಾತು" ಎಂದು ಪೆಟ್ಟಿಗೆ ಹುಡುಕಲು ಎದ್ದರು.

ಶುಕ್ರವಾರ ಅವಳು ಎಂಟು ಗಂಟೆ ಮಾತಾಡಿದಳು, ನಾನು ಮೂರು ಟೇಪು ತುಂಬಿಸಿದೆ. ಆ ಮಬ್ಬಿನಲ್ಲಿ ಅವಳ ಸೀರೆಯ ಬಣ್ಣ ಕೂಡ ಉಳಿಯಲಿಲ್ಲ. ಚಿತ್ರವನ್ನು ಒಂದು ಕಾಲೇಜಿನಲ್ಲಿ ತೋರಿಸಿದೆ. ಇಪ್ಪತ್ತು ಜನ ನೋಡಿದರು. ಚಿಕ್ಕಮ್ಮ ಕೊನೆಯ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ನಿದ್ದೆ ಬಂತಾ ಎಂದಿದ್ದಕ್ಕೆ, "ನಾನು ಹೊರಗೆ ನಿಂತು ನನ್ನ ಧ್ವನಿ ಕೇಳಿದ್ದೇ ಇಲ್ವಲ್ಲೋ, ಅದಕ್ಕೆ" ಎಂದಳು.

ಅವಳು ಹೋಗಿ ಈಗ ಎರಡು ವರ್ಷ. ಕಳೆದ ತಿಂಗಳು ಅವಳ ಮಗಳು, ನನ್ನ ತಂಗಿ, ಗೋಡೆಗೆ ಹಾಕಲು ಒಂದು ಚಿತ್ರ ಬೇಕೆಂದು ಬಂದಳು. ಮೂರೂ ಟೇಪು ಹಾಕಿ ನೋಡಿದೆವು. ಚೌಕಟ್ಟು ಹಾಕಿಸುವಂಥದ್ದು ಒಂದೂ ಸಿಗಲಿಲ್ಲ.

"ಇನ್ನೊಂದು ಕ್ಯಾಮೆರಾ ಇತ್ತು ಅಂತಿದ್ಳಲ್ಲ ಅಮ್ಮ. ಅದನ್ನ ತಗೊಂಡಿದ್ರೆ?"

"ಮುಖ ಇರ್ತಿತ್ತು" ಎಂದೆ.

ಅವಳು ಬೈಯುತ್ತಾಳೆ ಎಂದುಕೊಂಡೆ. ಅವಳು ಟೇಪನ್ನು ಹಿಂದಕ್ಕೆ ಓಡಿಸಲು ಹೇಳಿ, ಪರದೆಗೆ ಬೆನ್ನು ಮಾಡಿ ಕೂತಳು. ಒಂದು ಘೋಷಣೆ ಮುಗಿದು ಇನ್ನೊಂದಕ್ಕೆ ಮುಂಚೆ ಚಿಕ್ಕಮ್ಮ ಸಣ್ಣಗೆ ಕೆಮ್ಮಿ, ಯಾರಿಗೋ "ಬಾಗಿಲು ಹಾಕಮ್ಮ, ಗಾಳಿ" ಎನ್ನುವುದು ಕೇಳಿಸಿತು.

"ಅದು ನಾನೇ ಅಣ್ಣ. ಡಬ್ಬಿ ಕೊಡೋಕೆ ಬಂದಿದ್ದೆ" ಎಂದಳು ತಂಗಿ.

ಗೋಡೆಗೆ ಕೊನೆಗೆ ಗುರುತಿನ ಚೀಟಿಯ ಚಿತ್ರವನ್ನೇ ದೊಡ್ಡದು ಮಾಡಿಸಿದೆವು. ಅದರಲ್ಲಿ ಚಿಕ್ಕಮ್ಮ ಯಾರಿಗೋ ಗದರಲು ಹೊರಟವಳಂತೆ ಇದ್ದಾಳೆ.